ದೊಡ್ಡ ಪಂಪಿನ ಹುಚ್ಚು

ಹಳೆಯ ಕಾರಿನ ಎಂಜಿನ್ನಿಗೆ ಬಲ ಹೆಚ್ಚಿಸಿಕೊಂಡು ಒಡೆಯರಪಾಳ್ಯದ ಏರು ಹತ್ತಬೇಕೆನ್ನುವವರಿಗೆ ಸಿಗುವ ಉಪದೇಶ ಒಂದೇ: ‘ದೊಡ್ಡ ಪೆಟ್ರೋಲ್ ಪಂಪು ಹಾಕಿಸಿಬಿಡಿ ಸ್ವಾಮಿ.’ ಇದು ಶುದ್ಧ ಮೌಢ್ಯ. ಪಂಪು ಬಲ ಕೊಡುವುದಿಲ್ಲ. ಎಂಜಿನ್ ಕೇಳಿದಷ್ಟನ್ನು ತಂದುಕೊಡುತ್ತದೆ, ಅಷ್ಟೇ.

ಲೆಕ್ಕವೇನೂ ಬ್ರಹ್ಮವಿದ್ಯೆಯಲ್ಲ. ಪೂರ್ತಿ ದುಡಿಯುವಾಗ ಒಂದು ಅಶ್ವಶಕ್ತಿಗೆ ಗಂಟೆಗೆ ಸುಮಾರು 230 ಗ್ರಾಂ ಪೆಟ್ರೋಲ್ ಬೇಕು. 100 ಅಶ್ವಶಕ್ತಿಗೆ 31 ಲೀಟರ್. ಕಾಲು ಪಾಲು ಸೇರಿಸಿದರೂ 40 ದಾಟದು. ಟರ್ಬೊ ಇದ್ದರೆ ಇನ್ನಷ್ಟು. ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುತ್ತದೆ. ಆದ್ದರಿಂದ ನಿಮ್ಮ ಎಂಜಿನ್ನಿನ ಒತ್ತಡದಲ್ಲಿ ಅದು ಎಷ್ಟು ಕೊಡುತ್ತದೆಂದು ಕೇಳಬೇಕು.

ಸಾಲದಿದ್ದರೆ ಏರಿನಲ್ಲಿ ಪಿಸ್ಟನ್ ಸುಟ್ಟೀತು. ಆದರೆ ಇಂಜೆಕ್ಷನ್ ಎಂಜಿನ್ನಿನ ಪಂಪನ್ನು ಕಾರ್ಬ್ಯುರೇಟರಿಗೆ ಕಟ್ಟುವುದು ಅದಕ್ಕಿಂತ ಘೋರ. ಅದು ತಳ್ಳುವುದು ಚದರ ಇಂಚಿಗೆ 40 ಪೌಂಡು. ಇದು ತಡೆಯುವುದು ನಾಲ್ಕೈದು. ಉಕ್ಕಿದ ಪೆಟ್ರೋಲ್ ಬಿಸಿ ಎಂಜಿನ್ ಮೇಲೆ ಸುರಿದರೆ ಬೆಂಕಿ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಾದಪ್ಪನ ಕಾಡು. ಬೇಸಿಗೆಯಲ್ಲಿ ಸುಡುವುದು ಕಾರೊಂದೇ ಅಲ್ಲ.

ಬೋರ್‌ವೆಲ್ಲಿಗೆ ಮೋಟಾರು ಇಳಿಸುವ ಮುನ್ನ ಆಳ, ನೀರು ಎರಡನ್ನೂ ವಿಚಾರಿಸುವ ನಾವು, ಕಾರಿನ ವಿಷಯದಲ್ಲಿ ಮಾತ್ರ ಆ ವಿವೇಕವನ್ನು ಗದ್ದೆಯಲ್ಲೇ ಬಿಟ್ಟು ಬರುವುದೇಕೆ?