ಬಿಳಿ ಫಿಲ್ಲಿಂಗ್ ಮತ್ತು ನಮ್ಮೂರಿನ ದವಡೆ

ಹಲ್ಲಿನ ವಿಷಯದಲ್ಲಿ ನಮ್ಮ ಆಫೀಸು ಮಂದಿಗೆ ಒಂದೇ ಚಿಂತೆ: ಫಿಲ್ಲಿಂಗ್ ಮಾಡಿಸಿದ್ದು ಕಾಣಬಾರದು. ಮನೆಗೆ ಪೇಂಟ್ ಆರಿಸಿದ ಹಾಗೆ ಶೇಡ್ ಆರಿಸ್ತೀವಿ, ಕಾರ್ಡ್ ಉಜ್ಜಿ ಬರ್ತೀವಿ. ಬಾಯೊಳಗೆ ಇಟ್ಟದ್ದು ಏನು ಅಂತ ಕೇಳೋದಿಲ್ಲ.

ಅದು ಒಂಥರಾ ಪ್ಲಾಸ್ಟಿಕ್ಕು ಸ್ವಾಮಿ. ಸ್ಟೀಲ್ ಬಾಟಲಿ, ಬಟ್ಟೆ ಚೀಲ ಹಿಡಿದು ಓಡಾಡುವವರ ಬಾಯಲ್ಲೂ ಅದೇ. ಅಮೆರಿಕದ ರಾಫೆಲ್ ಬೋವೆನ್ 1962ರಲ್ಲಿ ಪೇಟೆಂಟ್ ಪಡೆದ ಬಿಸ್-ಜಿಎಂಎ ಅನ್ನೋ ರಾಳಕ್ಕೆ ಗಾಜಿನಂಥ ನುಣ್ಣನೆ ಪುಡಿ ಬೆರೆಸಿದ್ದು. ನೀಲಿ ಬೆಳಕು ಬಿಟ್ಟರೆ ಸಣ್ಣ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಾಗಿ, ಸೆಕೆಂಡುಗಳಲ್ಲಿ ಗಟ್ಟಿಯಾಗುತ್ತೆ. ಅದ್ಭುತವೇ, ತಕರಾರಿಲ್ಲ. ಆದರೆ ಗಟ್ಟಿಯಾಗುವಾಗ ಅದು ಶೇಕಡಾ 2-3ರಷ್ಟು ಕುಗ್ಗುತ್ತೆ. ಕೂದಲೆಳೆಯಷ್ಟು ಸಂದು ಬಿಟ್ಟರೂ ಅಲ್ಲಿಂದ ಹುಳುಕು ಮತ್ತೆ ಶುರು. ಅದಕ್ಕೇ ಸುಮಾರು 2 ಮಿಲಿಮೀಟರ್ ಪದರ ಪದರವಾಗಿ ತುಂಬಬೇಕು. ಅಂಟಿಸುವಾಗ ಉಗುಳು ತಾಗಿದರೆ ಕೆಟ್ಟಿತು. ಅಂದರೆ ಪಳಗಿದ ಡಾಕ್ಟರು, ಸಮಯ, ಸಲಕರಣೆ ಎಲ್ಲ ಬೇಕು. ನಮ್ಮ ಭಾಷೆಯಲ್ಲಿ, ಡೆಮೊದಲ್ಲಿ ಚೆನ್ನಾಗಿ ಓಡುವ ಕೋಡ್.

ಪ್ರೊಡಕ್ಷನ್ ಇರೋದು ನಮ್ಮೂರಲ್ಲಿ. ಅಲ್ಲಿ ಹಲ್ಲುನೋವಿಗೆ ಲವಂಗ, ತಡೆಯಲಾಗದಿದ್ದರೆ ಕೀಳಿಸೋದು. ಪಾದರಸದ ಬೆಳ್ಳಿ ಫಿಲ್ಲಿಂಗ್ ಅಗ್ಗದ್ದು, ಸ್ವಲ್ಪ ಒದ್ದೆಯನ್ನೂ ಸಹಿಸುತ್ತಿತ್ತು. 2013ರ ಮಿನಮಾಟಾ ಒಪ್ಪಂದದ ನಂತರ ಅದು ಹೊರಟು ನಿಂತಿದೆ. ಐರೋಪ್ಯ ಒಕ್ಕೂಟ 2025ರಿಂದ ಹೆಚ್ಚುಕಮ್ಮಿ ನಿಲ್ಲಿಸಿಯೇಬಿಟ್ಟಿದೆ. ಹೋಗಲಿ ಬಿಡಿ, ಪಾದರಸಕ್ಕೆ ಅಳಬೇಕಿಲ್ಲ. ಆ ಜಾಗಕ್ಕೆ ಬರೋದು ಯಾವುದು? ನಗುವಿನ ಜಾಹೀರಾತಿನಲ್ಲಿರೋ ದುಬಾರಿ ರಾಳವೇ ಆದರೆ ನಮ್ಮೂರಿಗೆ ಮತ್ತೆ ಇಕ್ಕಳವೇ ಗತಿ.

ಇನ್ನೊಂದು ಪಾಲಿಮರ್ ಇದೆ, ಮೆರುಗು ಕಮ್ಮಿ. ಲಂಡನ್ನಿನ ಸರ್ಕಾರಿ ಲ್ಯಾಬಿನ ವಿಲ್ಸನ್ ಮತ್ತು ಕೆಂಟ್ 1972ರ ಹೊತ್ತಿಗೆ ಲೋಕಕ್ಕೆ ಕೊಟ್ಟ ಗ್ಲಾಸ್ ಅಯಾನೊಮರ್ ಸಿಮೆಂಟು. ಪಾಲಿಅಕ್ರಿಲಿಕ್ ಆಮ್ಲದ ಜೊತೆ ಗಾಜಿನ ಪುಡಿ ಕಲಸಿದರೆ ತಾನೇ ಗಟ್ಟಿಯಾಗುತ್ತೆ, ಬೆಳಕು ಬೇಡ. ಹಲ್ಲಿನ ಕ್ಯಾಲ್ಸಿಯಂಗೆ ನೇರ ಅಂಟಿಕೊಳ್ಳುತ್ತೆ. ಮೇಲಿಂದ ಫ್ಲೋರೈಡನ್ನೂ ಬಿಡುತ್ತೆ. ಡ್ರಿಲ್ ಇಲ್ಲದೆ ಕೈ ಉಪಕರಣದಲ್ಲೇ ಹುಳುಕು ಕೆರೆದು ತುಂಬುವ ವಿಧಾನವೊಂದು 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ ಹುಟ್ಟಿತು. ಈಗ ಅದು ನೆಚ್ಚಿಕೊಂಡಿರೋದು ಈ ಸಿಮೆಂಟನ್ನೇ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೇ ಸೇರಿಸಿದೆ.

ಬೇಗ ಸವೆಯುತ್ತೆ, ದವಡೆಯ ದೊಡ್ಡ ಗುಂಡಿಗೆ ತಾಳಲ್ಲ ಅಂತಾರೆ. ನಿಜವೇ. ಹಾಗಂತ ಕೈಬಿಡೋದಾ? ಆಮ್ಲದ ಸರಪಳಿಯ ಉದ್ದ ಬದಲಿಸೋದು, ಗಾಜಿನ ಪುಡಿ ತಿದ್ದೋದು, ಚೂರು ರಾಳ ಬೆರೆಸೋದು, ಇವೆಲ್ಲ ಗೊತ್ತಿರೋ ದಾರಿಗಳೇ. ಬೇಕಿರೋದು ಅದರ ಮೇಲೆ ವರ್ಷಗಟ್ಟಲೆ ಕೂರುವ ರಸಾಯನಶಾಸ್ತ್ರದವರು, ಅವರಿಗೆ ಸಂಬಳ. ಹೆಲ್ತ್‌ಟೆಕ್ ಅಂತ ಡಾಕ್ಟರ ಅಪಾಯಿಂಟ್‌ಮೆಂಟ್ ಬುಕ್ ಮಾಡುವ ಇನ್ನೊಂದು ಆ್ಯಪ್ ಬರೆಯೋಕೆ ನಮ್ಮಂಥವರು ಸಾವಿರ ಜನ ಇದ್ದೀವಿ. ಜೋಳದ ರೊಟ್ಟಿ, ಅಡಿಕೆ ಅಗಿಯುವ ದವಡೆಯಲ್ಲಿ ಹತ್ತು ವರ್ಷ ನಿಲ್ಲುವ, ತಾಲ್ಲೂಕು ಆಸ್ಪತ್ರೆಯ ಕ್ಯೂನಲ್ಲಿ ಒಬ್ಬೊಬ್ಬರಿಗೂ ಸರಸರ ಕಲಸಿ ತುಂಬಬಹುದಾದ ಸಿಮೆಂಟಿಗೆ ದುಡ್ಡು ಯಾರು ಹಾಕ್ತಾರೆ, ಹೇಳಿ?