ಅನುಮೋದನೆಯ ಹಿಂಸೆ

ಪ್ರಸಿದ್ಧಿಯನ್ನು ತಾನಾಗಿ ಬಯಸಿದವನು ಅಪಕೀರ್ತಿಯನ್ನೂ ತಾನೇ ಉಣ್ಣಬೇಕು, ನೋಡುವವರದೇನು ತಪ್ಪು ಎಂಬ ಮಾತನ್ನು ಧರ್ಮಜ್ಞರೆನಿಸಿಕೊಂಡವರೂ ಆಡುವುದುಂಟು. ಕರ್ಮಸಿದ್ಧಾಂತದ ಹೆಸರಿನಲ್ಲಿ ಆಡುವ ಈ ಮಾತು ಆ ಸಿದ್ಧಾಂತಕ್ಕೇ ಅಪಚಾರ. ಬಿದ್ದವನ ಕರ್ಮ ಬಿದ್ದವನದು, ನಿಜ. ಬಿದ್ದುದನ್ನು ಕಂಡು ನಕ್ಕವನಿಗೆ ಅಂಟುವ ಕರ್ಮ ಯಾರದು? ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಯ ದಶಕಗಳ ಲಂಡನ್ ರಂಗಭೂಮಿ ಈ ಪ್ರಶ್ನೆಯನ್ನು ನಿರ್ದಾಕ್ಷಿಣ್ಯವಾಗಿ ಮುಂದಿಡುತ್ತದೆ.

ಆ ನಗರದಲ್ಲಿ ಅಂದು ಕೀರ್ತಿಯೇ ಒಂದು ಸರಕು. ನಟಿಯರ ಛಾಯಾಚಿತ್ರಗಳು ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಚೆಲುವಿಗಾಗಿ ಹೆಸರಾಗಿದ್ದ ಲಿಲ್ಲೀ ಲ್ಯಾಂಗ್ಟ್ರಿ 1881ರಲ್ಲಿ ರಂಗವೇರಿದಳು; ಪಿಯರ್ಸ್ ಸಾಬೂನಿನ ಜಾಹೀರಾತಿಗೂ ಹೆಸರು ಕೊಟ್ಟಳು. ಆಸ್ಕರ್ ವೈಲ್ಡ್‌ನದು ಇನ್ನೂ ವಿಚಿತ್ರ. 1882ರಲ್ಲಿ ಅವನು ಅಮೆರಿಕದಲ್ಲಿ ಊರೂರು ತಿರುಗಿ ಉಪನ್ಯಾಸ ಮಾಡಿದಾಗ, ಮುಂದೆ ಅವನಿಗೆ ಹೆಸರು ತಂದ ನಾಟಕಗಳಲ್ಲಿ ಒಂದನ್ನೂ ಬರೆದಿರಲಿಲ್ಲ. ಅವನಂಥ ಸೌಂದರ್ಯೋಪಾಸಕರನ್ನು ಗೇಲಿ ಮಾಡುವ 'ಪೇಶೆನ್ಸ್' ಎಂಬ ಗೀತನಾಟಕಕ್ಕೆ ಅಲ್ಲಿ ಪ್ರಚಾರ ದೊರೆಯಲೆಂದು ಅದರ ನಿರ್ಮಾಪಕ ರಿಚರ್ಡ್ ಡಾಯ್ಲಿ ಕಾರ್ಟ್ ಅವನನ್ನು ಕಳುಹಿಸಿದ್ದನು. ಗೇಲಿಗೆ ಗುರಿಯಾದವನೇ ಗೇಲಿಯ ಜಾಹೀರಾತಾದನು, ಒಪ್ಪಿಯೇ ಆದನು. ಅವನಲ್ಲಿ ಮಾನಕಷಾಯವಿರಲಿಲ್ಲವೆಂದು ಯಾರೂ ವಾದಿಸಬೇಕಾಗಿಲ್ಲ.

1895ರ ಆರಂಭದಲ್ಲಿ ಅವನ ಎರಡು ನಾಟಕಗಳು ಲಂಡನ್ನಿನ ಎರಡು ರಂಗಮಂದಿರಗಳಲ್ಲಿ ಏಕಕಾಲಕ್ಕೆ ನಡೆಯುತ್ತಿದ್ದವು. ಪುರುಷರೊಡನೆ ಸಂಬಂಧವಿದೆಯೆಂದು ಸೂಚಿಸಿ ತನ್ನನ್ನು ನಿಂದಿಸಿದ ಕ್ವೀನ್ಸ್‌ಬರಿಯ ಮೇಲೆ ಅವನು ಮಾನಹಾನಿಯ ಮೊಕದ್ದಮೆ ಹೂಡಿದನು. ಅದು ಕುಸಿದುಬಿದ್ದು ಏಪ್ರಿಲ್ 5ರಂದು ಅವನೇ ಬಂಧಿತನಾದನು. ಆಗ ರಂಗಮಂದಿರಗಳು ಮಾಡಿದ್ದೇನು? ಪ್ರಕಟನೆಗಳಿಂದ ನಾಟಕಕಾರನ ಹೆಸರನ್ನು ತೆಗೆದುಹಾಕಿದವು. ನಾಟಕಗಳು ಮಾತ್ರ ಇನ್ನೂ ಕೆಲವು ವಾರ ನಡೆದವು.

ಆದಿಪುರಾಣದ ನೀಲಾಂಜನೆಯ ಪ್ರಸಂಗವನ್ನು ಬಲ್ಲವರಿಗೆ ಇಲ್ಲಿ ಮನಸ್ಸು ಕಲಕದಿರದು. ನರ್ತಿಸುತ್ತಿದ್ದಂತೆಯೇ ಆಯುಷ್ಯ ತೀರಿ ಅವಳು ಮಾಯವಾದಳು. ಇಂದ್ರನು ಮರುಕ್ಷಣವೇ ಅವಳಂಥವಳನ್ನೇ ಆ ತಾಣದಲ್ಲಿ ನಿಲ್ಲಿಸಿದನು. ಸಭೆ ಅರಿಯಲಿಲ್ಲ, ವೃಷಭನಾಥನೊಬ್ಬನೇ ಅರಿತನು, ವಿರಕ್ತನಾದನು. ಆ ಸಭೆಗೆ ಅರಿಯದೆಂಬ ನೆಪವಾದರೂ ಇತ್ತು. ಲಂಡನ್ನಿನ ಪ್ರೇಕ್ಷಕರಿಗೆ ಎಲ್ಲವೂ ಗೊತ್ತಿತ್ತು. ಹೆಸರಿಲ್ಲದ ನಾಟಕಕ್ಕೆ ಹಣ ತೆತ್ತು ಕುಳಿತರು.

ಮೇ 24ರಂದು ನಟ ಹೆನ್ರಿ ಇರ್ವಿಂಗ್‌ಗೆ ನೈಟ್ ಪದವಿ ಘೋಷಿತವಾಯಿತು, ನಟನೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು. ಮರುದಿನ ವೈಲ್ಡ್‌ಗೆ ಎರಡು ವರ್ಷಗಳ ಕಠಿಣ ಸಜೆಯಾಯಿತು. ಇರ್ವಿಂಗ್ ಆ ಗೌರವಕ್ಕೆ ಅರ್ಹನೇ. ಆದರೆ ರಂಗಭೂಮಿಯನ್ನು ಪೂಜಿಸುವ ಕೈ ಯಾವುದೋ, ತುಳಿಯುವ ಕಾಲೂ ಅದೇ ದೇಹದ್ದು.

ಜೈನಾಚಾರ್ಯರು ಕೃತ, ಕಾರಿತಗಳ ಜೊತೆಗೆ ಅನುಮೋದನೆಯನ್ನೂ ಆಸ್ರವಕ್ಕೆ ದ್ವಾರವೆಂದಿದ್ದಾರೆ. ತಾನು ಮಾಡದೆ, ಮಾಡಿಸದೆ, ನಡೆದುದಕ್ಕೆ ಮನದೊಳಗೆ ಹಿಗ್ಗಿದರೂ ಸಾಕು. ಹಾಸ್ಯ, ಜುಗುಪ್ಸೆಗಳೆರಡನ್ನೂ ನೋಕಷಾಯಗಳಲ್ಲಿ ಎಣಿಸಿರುವುದೂ ಅರ್ಥಪೂರ್ಣ: ಗುಂಪು ಒಬ್ಬನನ್ನು ಕೆಡವುವಾಗ ಬಳಸುವ ಆಯುಧಗಳು ಇವೇ. ನ್ಯಾಯಾಧೀಶನು ತೀರ್ಪು ಕೊಟ್ಟನು, ಪತ್ರಿಕೆಗಳು ಅಚ್ಚುಹಾಕಿದವು, ಶ್ರೀಸಾಮಾನ್ಯನು ಕೇವಲ ಓದಿದನು ಎಂಬ ಸಮಾಧಾನಕ್ಕೆ ಈ ಲೆಕ್ಕದಲ್ಲಿ ಎಡೆಯಿಲ್ಲ. ಓದಲು ಕಾತರಿಸುವವನಿಲ್ಲದೆ ಅಚ್ಚುಹಾಕುವವನೆಲ್ಲಿಯವನು?

ಅದೇ ವರ್ಷದ ನವೆಂಬರಿನಲ್ಲಿ ವೈಲ್ಡ್‌ನನ್ನು ರೆಡಿಂಗ್ ಸೆರೆಮನೆಗೆ ಸಾಗಿಸುವಾಗ ಕ್ಲಾಪಮ್ ಜಂಕ್ಷನ್ನಿನಲ್ಲಿ ಕೈದಿಯ ಉಡುಪಿನಲ್ಲಿ, ಕೈಕೋಳದೊಡನೆ, ಅರ್ಧ ಗಂಟೆ ನಿಲ್ಲಿಸಿದ್ದರು. ಮಳೆ ಬರುತ್ತಿತ್ತು. ಒಂದೊಂದು ರೈಲು ಬಂದಂತೆ ನಗುವವರ ಗುಂಪು ಬೆಳೆಯಿತು. ಅವನು ಯಾರೆಂದು ತಿಳಿದ ಮೇಲೆ ನಗು ಇನ್ನೂ ಹೆಚ್ಚಿತೆಂದು ಅವನೇ 1897ರಲ್ಲಿ ಸೆರೆಮನೆಯಿಂದ ಬರೆದ ಪತ್ರದಲ್ಲಿ ಹೇಳಿದ್ದಾನೆ. (ಯಾರೆಂದು ತಿಳಿಯದ ಕೈದಿಯನ್ನು ಕಂಡು ನಗುವುದು ಸಣ್ಣ ಪಾಪವೇ ಎಂಬುದು ಬೇರೆ ಪ್ರಶ್ನೆ.) ಆ ಬಳಿಕ ಒಂದು ವರ್ಷ, ಪ್ರತಿದಿನ ಅದೇ ಹೊತ್ತಿಗೆ ಅಷ್ಟೇ ಸಮಯ ಅತ್ತನಂತೆ. ನಕ್ಕವರಲ್ಲಿ ಒಬ್ಬರಾದರೂ ಆ ಅರ್ಧ ಗಂಟೆಗಾಗಿ ಪ್ರತಿಕ್ರಮಣ ಮಾಡಿಕೊಂಡರೇ?

1900ರಲ್ಲಿ ಅವನು ಪ್ಯಾರಿಸ್ಸಿನಲ್ಲಿ ತೀರಿಕೊಂಡನು. 1902ರಲ್ಲಿ ಲಂಡನ್ನಿನ ಅದೇ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಅದೇ ನಾಟಕವನ್ನು ಮತ್ತೆ ಆಡಿದರು.