ಅಣುಬಾಂಬು ಕಾಪಾಡಿದ್ದು ಯಾರ ಶಾಂತಿಯನ್ನು?

ಅಮೆರಿಕ ಮತ್ತು ರಷ್ಯಾಗಳ ದೂರಗಾಮಿ ಅಣ್ವಸ್ತ್ರಗಳಿಗೆ ಮಿತಿ ಹಾಕಿದ್ದ ನ್ಯೂ ಸ್ಟಾರ್ಟ್ ಒಪ್ಪಂದದ ಅವಧಿ 2026ರ ಫೆಬ್ರುವರಿಗೆ ಮುಗಿಯಿತು. ಆತಂಕಪಡುವವರ ಬಾಯಿ ಮುಚ್ಚಿಸಲು ಸಿದ್ಧ ಉತ್ತರವೊಂದಿದೆ: ಎರಡನೇ ಮಹಾಯುದ್ಧದ ನಂತರ ಜಗತ್ತನ್ನು ಕಾಪಾಡಿದ್ದೇ ಬಾಂಬಿನ ಭಯ, ಮುಂದೆಯೂ ಅದೇ ಕಾಪಾಡುತ್ತದೆ. ಕೊರಿಯಾವನ್ನು ಮರೆತವರು ಮಾತ್ರ ಈ ಮಾತನ್ನು ಆಡಬಲ್ಲರು.

1945ರ ಆಗಸ್ಟ್‌ನ ಒಂದು ರಾತ್ರಿ ಇಬ್ಬರು ಅಮೆರಿಕನ್ ಕರ್ನಲ್‌ಗಳು ನಕಾಶೆ ಮುಂದಿಟ್ಟುಕೊಂಡು 38ನೇ ಅಕ್ಷಾಂಶದಲ್ಲಿ ಆ ನಾಡನ್ನು ಎರಡು ಮಾಡಿದರು. 1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ಸತ್ತವರು ಸುಮಾರು 25ರಿಂದ 30 ಲಕ್ಷ, ಹೆಚ್ಚಿನವರು ಸಾಮಾನ್ಯ ಜನ. ಕದನವಿರಾಮದ ಮಾತುಕತೆ 1951ರ ಜುಲೈನಲ್ಲೇ ಶುರುವಾಗಿತ್ತು. ಆಮೇಲೆ ವರ್ಷಕ್ಕೂ ಮಿಕ್ಕಿ ಅದನ್ನು ಹಿಡಿದು ನಿಲ್ಲಿಸಿದ್ದು ಯುದ್ಧಕೈದಿಗಳ ಪ್ರಶ್ನೆ. ಒಲ್ಲದವನನ್ನು ಬಲವಂತವಾಗಿ ಹಿಂದಕ್ಕೆ ಕಳಿಸಬಾರದು ಎಂಬ ಅಮೆರಿಕದ ನಿಲುವು ನ್ಯಾಯವಾದದ್ದೇ. ಆದರೆ ಅದರದೇ ಶಿಬಿರಗಳಲ್ಲಿ ಕೈದಿಗಳ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳನ್ನು ಬಲವಂತವಾಗಿ ಹಚ್ಚೆ ಹಾಕಲಾಗುತ್ತಿತ್ತು. ಅತ್ತ ಚೀನಾ, ಉತ್ತರ ಕೊರಿಯಾಗಳಿಗೆ ಒಬ್ಬ ಸೈನಿಕ ಮರಳದಿದ್ದರೂ ತಮ್ಮ ಸಿದ್ಧಾಂತಕ್ಕೆ ಆದ ಅವಮಾನ. ಇಬ್ಬರಿಗೂ ಕೈದಿ ಬೇಕಾಗಿದ್ದು ಸಾಕ್ಷಿ ಹೇಳುವುದಕ್ಕೆ. ಗುಡ್ಡಗಳ ಮೇಲೆ ಸಾವು ಮುಂದುವರಿಯಿತು. ಕೊನೆಗೆ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯನವರ ಅಧ್ಯಕ್ಷತೆಯ ತಟಸ್ಥ ರಾಷ್ಟ್ರಗಳ ಆಯೋಗ ಹಿಂದಿರುಗಲೊಪ್ಪದ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹೊತ್ತಿತು. ಅವರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಎರಡೂ ಪಾಳಯಗಳನ್ನು ತಿರಸ್ಕರಿಸಿ ಭಾರತೀಯ ಪಡೆಯೊಂದಿಗೆ ಹೊರಟುಬಂದರು.

ಮಹಾಶಕ್ತಿಗಳು ಮಾತ್ರ ನೇರವಾಗಿ ಕಾದಾಡಲಿಲ್ಲವಲ್ಲ ಎನ್ನುವವರಿದ್ದಾರೆ. ಅದೂ ಪೂರ್ತಿ ನಿಜವಲ್ಲ. ಯಾಲೂ ನದಿಯ ಆಸುಪಾಸಿನ ಆಕಾಶದಲ್ಲಿ ಸೋವಿಯತ್ ಪೈಲಟ್‌ಗಳೇ ಮಿಗ್-15 ಹಾರಿಸಿ ಅಮೆರಿಕನ್ ವಿಮಾನಗಳನ್ನು ಉರುಳಿಸುತ್ತಿದ್ದರು. ಎರಡೂ ಸರ್ಕಾರಗಳು ಅದನ್ನು ತಮ್ಮ ಜನರಿಂದ ಮುಚ್ಚಿಟ್ಟವು. ಕೊರಿಯಾದ ಹೊತ್ತಿಗೆ ಭಯದ ಸಮತೋಲ ಇನ್ನೂ ಕೂಡಿಬಂದಿರಲಿಲ್ಲ ಎಂದರೆ, ಲಾವೋಸ್‌ಗೆ ಏನು ಹೇಳುತ್ತೀರಿ? ಎರಡೂ ಕಡೆ ಸಾವಿರಾರು ಸಿಡಿತಲೆಗಳಿದ್ದ ಕಾಲದಲ್ಲಿ, 1964ರಿಂದ 1973ರವರೆಗೆ, ಆ ಪುಟ್ಟ ದೇಶದ ಮೇಲೆ ಅಮೆರಿಕ 20 ಲಕ್ಷ ಟನ್‌ಗೂ ಹೆಚ್ಚು ಬಾಂಬು ಸುರಿಯಿತು. 1979ರಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಭಯ ಯುದ್ಧವನ್ನು ತಡೆಯಲಿಲ್ಲ, ಬಡವರ ನೆಲಕ್ಕೆ ಸಾಗಹಾಕಿತು.

ಯುರೋಪಿನಲ್ಲಿ ಮೂರನೇ ಮಹಾಯುದ್ಧ ಆಗಲಿಲ್ಲ ಎಂಬುದು ನಿಜ, ಭಯ ನಾಯಕರನ್ನು ಎಚ್ಚರಿಸಿತು ಎಂಬುದೂ ನಿಜ. ಆದರೆ ಯಂತ್ರಗಳಿಗೆ ಆ ಎಚ್ಚರ ಇರಲಿಲ್ಲ. 1983ರ ಸೆಪ್ಟೆಂಬರ್ 26ರಂದು ಅಮೆರಿಕದಿಂದ ಐದು ಕ್ಷಿಪಣಿಗಳು ಹೊರಟಿವೆ ಎಂದು ಸೋವಿಯತ್ ಉಪಗ್ರಹ ವ್ಯವಸ್ಥೆ ಸಾರಿತು. ಮೋಡಗಳ ಮೇಲಿನ ಬಿಸಿಲಿನ ಹೊಳಪನ್ನು ಅದು ಕ್ಷಿಪಣಿ ಎಂದು ಓದಿತ್ತು. ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ನಂಬದೆ, ಸುಳ್ಳು ಎಚ್ಚರಿಕೆ ಎಂದೇ ವರದಿ ಮಾಡಿದರು. ಒಬ್ಬ ಮನುಷ್ಯನ ಸಂಶಯದ ಮೇಲೆ ನಿಂತದ್ದನ್ನು ಭದ್ರತೆ ಎನ್ನಲಾಗದು.

ಅಪಾಯ ಇಳಿದದ್ದು ಒಪ್ಪಂದಗಳಿಂದ. ಕ್ಯೂಬಾ ಬಿಕ್ಕಟ್ಟಿನ ಮರುವರ್ಷವೇ ಮಾಸ್ಕೋ–ವಾಷಿಂಗ್ಟನ್ ನಡುವೆ ನೇರ ಸಂಪರ್ಕ ಬಂತು. 1987ರ ಐಎನ್‌ಎಫ್ ಒಪ್ಪಂದ 2,692 ಕ್ಷಿಪಣಿಗಳನ್ನು ನಾಶಮಾಡಿಸಿತು, ಅದೂ ಪರಸ್ಪರರ ತನಿಖಾಧಿಕಾರಿಗಳ ಕಣ್ಣೆದುರಲ್ಲಿ. ನ್ಯೂ ಸ್ಟಾರ್ಟ್ ನಿಯೋಜಿತ ಸಿಡಿತಲೆಗಳನ್ನು ತಲಾ 1,550ಕ್ಕೆ ಕಟ್ಟಿಹಾಕಿದ್ದಲ್ಲದೆ ವರ್ಷಕ್ಕೆ 18 ಸ್ಥಳ ತಪಾಸಣೆಗಳಿಗೂ ಅವಕಾಶ ಕೊಟ್ಟಿತ್ತು. ಆ ತಪಾಸಣೆ 2020ರಲ್ಲೇ ನಿಂತಿದೆ. ಸಂಖ್ಯೆಯ ಚೌಕಾಸಿಗೆ ವರ್ಷಗಳೇ ಹಿಡಿಯಬಹುದು. ತಪಾಸಣಾಧಿಕಾರಿಗಳನ್ನು ನೆಲೆಗಳ ಒಳಗೆ ಬಿಡಲು ಅಷ್ಟು ಕಾಯಬೇಕಿಲ್ಲ, ಎರಡೂ ರಾಜಧಾನಿಗಳು ಮೊದಲು ಮಾಡಬೇಕಾದ ಕೆಲಸ ಅದು.